ಹದಿನೈದು ಮನೆಗಳ ಪರೀಕ್ಷೆ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರು ಏನು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಕೇಳುತ್ತಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದ ನಡುಭಾಗ. ನಾನು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಕುಕ್ಕರ್ ಯಾವುದು ಒಳ್ಳೆಯದು, ಯಾವ ಇಸ್ತ್ರಿಪೆಟ್ಟಿಗೆ ಬಟ್ಟೆ ಸುಡುವುದಿಲ್ಲ, ಯಾವ ಉಪ್ಪಿನ ಪ್ಯಾಕೆಟ್ಟಿನಲ್ಲಿ ಮಣ್ಣು ಕಡಿಮೆ ಎಂದು ಯಾರಾದರೂ ಕೇಳಿದರೆ ನಾನು ಬೀರುವಿನಿಂದ ಒಂದು ಮಾಸಪತ್ರಿಕೆಯ ಹಳೆಯ ಸಂಚಿಕೆ ತೆಗೆದು, ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಡ್ರಿಲ್ ಮಾಸ್ತರರು ನನಗೆ ಐಎಸ್ಐ ಮೇಡಂ ಎಂದು ಹೆಸರಿಟ್ಟಿದ್ದರು. ಅದು ನನಗೆ ಇಷ್ಟವೇ ಆಗಿತ್ತು.

ಆ ಪತ್ರಿಕೆ ಮೈಸೂರಿನಿಂದ ಬರುತ್ತಿತ್ತು. ಒರಟು ಕಾಗದ, ಕಪ್ಪು ಬಿಳುಪು ಅಚ್ಚು, ಅಲ್ಲಲ್ಲಿ ಕಾಗುಣಿತದ ತಪ್ಪು. ಒಂದೇ ಒಂದು ಜಾಹೀರಾತು ಇರುತ್ತಿರಲಿಲ್ಲ, ಇಲ್ಲವೆಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹೇಳಿಕೊಳ್ಳುತ್ತಿದ್ದರು. ಪ್ರತಿ ತಿಂಗಳು ಯಾವುದಾದರೂ ಒಂದು ಸಾಮಾನನ್ನು ಪರೀಕ್ಷಿಸಿ, ಕಂಪನಿಗಳ ಹೆಸರು ಹಾಕಿ, ಅಂಕ ಕೊಟ್ಟು, ಮೊದಲನೆಯದು ಎರಡನೆಯದು ಎಂದು ಪಟ್ಟಿ ಮಾಡುತ್ತಿದ್ದರು. ನಾನು ಅದನ್ನು ದೇವರ ಪುಸ್ತಕ ಓದುವವರ ಹಾಗೆ ಓದುತ್ತಿದ್ದೆ.

ಇದಕ್ಕೆ ಕಾರಣವಿತ್ತು. ನಾನು ಹುಟ್ಟಿದ್ದು ನಂಜನಗೂಡು ತಾಲ್ಲೂಕಿನ ದೇವನೂರಿನ ಕಡೆ, ಊರ ಹೊರಗಿನ ಕೇರಿಯಲ್ಲಿ. ನಮ್ಮವ್ವ ಅಂಗಡಿಗೆ ಹೋದರೆ ಕಟ್ಟೆಯ ಕೆಳಗೆ ನಿಂತು ಕೇಳಬೇಕಿತ್ತು. ಅಂಗಡಿಯವನು ಒಳಗಿನಿಂದ ಏನು ಕಟ್ಟಿ ಎಸೆದರೆ ಅದೇ ಸಾಮಾನು. ಮುಟ್ಟಿ ನೋಡುವ ಹಾಗಿಲ್ಲ, ಬೇರೆಯದು ಕೊಡಿ ಎನ್ನುವ ಹಾಗಿಲ್ಲ. ಹುಳ ಬಿದ್ದ ಬೇಳೆ, ತುಕ್ಕು ಹಿಡಿದ ಮೊಳೆ, ಹೊಲಿಗೆ ಬಿಟ್ಟ ಚಪ್ಪಲಿ, ಎಲ್ಲವೂ ನಮ್ಮ ಕೇರಿಗೆ ಬರುತ್ತಿತ್ತು. ನಾನು ಓದಿ, ಕೆಲಸ ಸಿಕ್ಕಿ, ಸೀರೆ ಉಟ್ಟು ನಂಜನಗೂಡಿನ ಬಜಾರಿಗೆ ಹೋದ ಮೇಲೂ ಅಂಗಡಿಯವರು ಊರು ಯಾವುದು ಎಂದು ಕೇಳಿದ ಕೂಡಲೇ ನನ್ನ ಮೈ ಬಿಗಿಯಾಗುತ್ತಿತ್ತು. ಪತ್ರಿಕೆ ನನ್ನ ಊರು ಕೇಳಲಿಲ್ಲ. ಅದರ ಪಟ್ಟಿ ಎಲ್ಲರಿಗೂ ಒಂದೇ. ಅದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ನಾನು ಏನನ್ನೂ ಬೇಡುವವಳಾಗಿರಲಿಲ್ಲ. ಇಂಥ ಕಂಪನಿಯದು, ಇಷ್ಟು ವ್ಯಾಟಿನದು ಕೊಡಿ ಎಂದು ಹೇಳುವವಳಾಗಿದ್ದೆ.

ನಾನು ಓದಿದ್ದು ನನ್ನ ಅಕ್ಕನಿಂದ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಪ್ಪ ಬೇಗ ಹೋದ ಮೇಲೆ ಅವಳೇ ನಾಟಿಗೆ, ಕಳೆಗೆ, ಕೊಯ್ಲಿಗೆ ಹೋಗಿ ಮನೆ ನಡೆಸಿದಳು. ಮದುವೆಯಾಗಿ ಅದೇ ಊರಲ್ಲಿ ಉಳಿದಳು, ಮದುವೆಯಾದ ಮೇಲೂ ನನ್ನ ಬಸ್ಸಿನ ಪಾಸು, ಪುಸ್ತಕ ಅವಳ ಕೂಲಿಯದೇ. ಕಾಲುವೆ ಬಯಲಿನಲ್ಲಿ ಅವಳಷ್ಟು ನೇರವಾಗಿ ನಾಟಿ ಹಾಕುವವರು ಇರಲಿಲ್ಲವೆಂದು ಹೇಳುತ್ತಿದ್ದರು. ಎಡಗೈಯಲ್ಲಿ ಪೈರಿನ ಕಂತೆ, ಬಲಗೈ ಮಾತ್ರ ಕೆಸರಿಗೆ ಹೋಗಿ ಬರುವುದು ಕಾಣುತ್ತಿತ್ತು. ಅವಳಿಗೆ ಓದು ಬಾರದು. ನಾನು ಪತ್ರಿಕೆ ತೋರಿಸಿ ವಿವರಿಸಿದರೆ, ಅದರ ಹಾಳೆಯನ್ನು ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಟ್ಟುತ್ತಿದ್ದಳು.

ಒಂದು ವರ್ಷ ಬೇಸಿಗೆಯ ಆರಂಭದಲ್ಲಿ ಪತ್ರಿಕೆಯವರಿಂದ ಕಾಗದ ಬಂತು. ಓದುಗರಲ್ಲೇ ಹದಿನೈದು ಮನೆಗಳನ್ನು ಆರಿಸಿ ಸಾಮಾನುಗಳನ್ನು ನಿಜವಾಗಿ ಬಳಸಿ ನೋಡುವ ಪರೀಕ್ಷೆ ಶುರುಮಾಡುತ್ತಿದ್ದೇವೆ, ನೀವು ವಿಜ್ಞಾನದವರು, ಒಪ್ಪುತ್ತೀರಾ ಎಂದು. ಸಂಬಳವಿಲ್ಲ. ನಾನು ಅಂದೇ ಒಪ್ಪಿ ಬರೆದೆ. ಕೆಲವು ದಿನಗಳ ಮೇಲೆ ಬಸ್ಸಿನ ಪಾರ್ಸಲ್ಲಿನಲ್ಲಿ ಒಂದು ರಟ್ಟಿನ ಡಬ್ಬ ಬಂತು. ಅದರಲ್ಲಿ ಮೂರು ವಾಟರ್ ಹೀಟರ್ ರಾಡುಗಳು, ಬಕೆಟ್ಟಿನ ನೀರಿಗೆ ಇಳಿಬಿಟ್ಟು ಕಾಯಿಸುವಂಥವು. ಕಂಪನಿಯ ಹೆಸರು ಉಜ್ಜಿ ತೆಗೆದು, ಹಿಡಿಗೆ ಕೆಂಪು, ಹಳದಿ, ನೀಲಿ ಬಣ್ಣ ಬಳಿದಿದ್ದರು. ಜೊತೆಗೆ ಮೂರು ಫಾರಮ್ಮು. ಮೂವತ್ತು ದಿನ, ದಿನಕ್ಕೊಂದು ಸಾಲು. ಒಂದು ಬಕೆಟ್ ನೀರು ಕಾಯಲು ಎಷ್ಟು ಹೊತ್ತು, ಎಷ್ಟು ಡಿಗ್ರಿ, ಟೆಸ್ಟರ್ ಅದ್ದಿದರೆ ಅದರ ಬಲ್ಬು ಉರಿಯುತ್ತದೆಯೇ ಇಲ್ಲವೇ ಎಂದು ಬರೆಯಬೇಕು. ಬಲ್ಬು ಉರಿದರೆ ನೀರಿಗೆ ಕರೆಂಟು ಇಳಿದಿದೆ ಎಂದರ್ಥ. ಮೇಲೆ ಒಂದು ಪ್ರಶ್ನೆ: ನಿಮ್ಮ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ? ನನ್ನ ಬಾಡಿಗೆ ಮನೆಯ ಗೋಡೆಯಲ್ಲಿ ಇದ್ದದ್ದು ಎರಡೇ ತೂತು, ಅರ್ಥಿಂಗಿನ ಮೂರನೆಯದು ಇರಲಿಲ್ಲ. ಇಲ್ಲ ಎಂದು ಬರೆದೆ. ಅದು ನಿಜ.

ಹತ್ತು ದಿನ ನಾನು ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದೆ. ಶಾಲೆಯ ಲ್ಯಾಬಿನ ಥರ್ಮಾಮೀಟರು ತಂದೆ. ಬೆಳಿಗ್ಗೆ ಬೇಗ ಎದ್ದು ಮೂರು ಬಕೆಟ್ಟು ನೀರು, ಒಂದಾದ ಮೇಲೊಂದು. ಪ್ರತಿ ಸಲವೂ ಟೆಸ್ಟರಿನ ಬಲ್ಬು ಉರಿಯಲಿಲ್ಲ. ಪ್ರತಿ ಸಲವೂ ಇಲ್ಲ, ಇಲ್ಲ, ಇಲ್ಲ ಎಂದು ಬರೆದೆ.

ಹನ್ನೊಂದನೆಯ ದಿನ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಮೈಸೂರಿಗೆ ಹೋಗಬೇಕೆಂದು ಆರ್ಡರ್ ಬಂತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಮನೆ ಸೇರುವಾಗ ಕಾಲು ಊದಿರುತ್ತಿತ್ತು. ರಾಡುಗಳು ಬಚ್ಚಲ ಗೂಡಿನಲ್ಲಿ ಕೂತವು. ನಾಳೆ, ನಾಡಿದ್ದು, ಭಾನುವಾರ ಎಂದುಕೊಳ್ಳುತ್ತಾ ಮೂರು ವಾರ ಕಳೆಯಿತು. ಆಮೇಲೆ ಪತ್ರಿಕೆಯವರಿಂದ ಫಾರಮ್ಮು ಕಳಿಸಿ ಎಂದು ನೆನಪಿನ ಕಾರ್ಡು ಬಂತು.

ಒಂದು ಮಧ್ಯಾಹ್ನ ಊಟ ಮುಗಿಸಿ, ಮೇಜಿನ ಮುಂದೆ ಕೂತು, ಉಳಿದ ಇಪ್ಪತ್ತು ದಿನಗಳನ್ನು ತುಂಬಿದೆ.

ನಾನು ಅದನ್ನು ಹೇಗೆ ಮಾಡಿದೆ ಎಂಬುದು ಇವತ್ತಿಗೂ ನನಗೆ ವಿವರವಾಗಿ ನೆನಪಿದೆ. ಎರಡು ಪೆನ್ನು ಇಟ್ಟುಕೊಂಡೆ, ಬೇರೆ ಬೇರೆ ದಿನ ಬರೆದ ಹಾಗೆ ಕಾಣಲಿ ಎಂದು. ಎಲ್ಲ ದಿನ ಒಂದೇ ಡಿಗ್ರಿ ಹಾಕಲಿಲ್ಲ. ನಿಜವಾದ ಅಳತೆ ಯಾವತ್ತೂ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆಂದು ನನಗೆ ಗೊತ್ತಿತ್ತು, ಹಾಗಾಗಿ ಒಂದು ದಿನ ಅರ್ಧ ಡಿಗ್ರಿ ಹೆಚ್ಚು, ಇನ್ನೊಂದು ದಿನ ಒಂದು ಕಡಿಮೆ. ಒಂದು ಸಾಲಿನ ಪಕ್ಕ ‘ಕರೆಂಟ್ ಹೋಗಿತ್ತು, ಸಂಜೆ ಪರೀಕ್ಷಿಸಿದೆ’ ಎಂದೂ ಬರೆದೆ. ಕೊನೆಯ ಕಾಲಮ್ಮಿನಲ್ಲಿ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ. ಹೀಗೆಯೇ ಅಳತೆ ಮಾಡದೆ ಪ್ರಯೋಗದ ಪುಸ್ತಕ ತುಂಬಿದ ಹುಡುಗಿಯರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅವರಿಗೆ ಇಷ್ಟು ಚೆನ್ನಾಗಿ ಸುಳ್ಳು ಬರೆಯಲು ಬರುತ್ತಿರಲಿಲ್ಲ. ಹದಿನೈದು ಮನೆಯಲ್ಲಿ ನನ್ನದೊಂದು ಹೀಗಾದರೆ ಏನಾದೀತು ಎಂದು ಸಮಾಧಾನ ಹೇಳಿಕೊಂಡು ಲಕೋಟೆ ಅಂಟಿಸಿದೆ. ರಾಡುಗಳನ್ನೂ ವಾಪಸ್ಸು ಕಳಿಸಿದೆ.

ಮಳೆಗಾಲದಲ್ಲಿ ಸಂಚಿಕೆ ಬಂತು. ನಡುಪುಟದಲ್ಲಿ ರಾಡುಗಳ ಪಟ್ಟಿ. ಮೊದಲ ಸ್ಥಾನ ಬಂದದ್ದು ಒಂದು ಹೊಸ ಕಂಪನಿಗೆ. ಅದರ ಕೆಳಗೆ ಬರೆದಿದ್ದರು: ಹದಿನೈದು ಮನೆಗಳಿಗೆ ಕೊಟ್ಟು ಮೂವತ್ತು ದಿನ ಪರೀಕ್ಷಿಸಲಾಗಿದೆ. ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲೂ ಇದು ಸುರಕ್ಷಿತವೆಂದು ಕಂಡುಬಂದಿದೆ.

ಆ ವಾಕ್ಯ ನನ್ನ ಕಣ್ಣಿಗೆ ಬಿದ್ದಾಗ ನನಗೆ ನೆನಪಾದದ್ದು ಅಕ್ಕನ ಮನೆ. ಅವರ ಕೇರಿಗೆ ಕರೆಂಟು ಬಂದು ಕೆಲವೇ ವರ್ಷವಾಗಿತ್ತು. ಅರ್ಥಿಂಗ್ ಎನ್ನುವ ಮಾತೇ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಮಗಳು ಬಸುರಿ, ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ದಿನಾ ಬಿಸಿನೀರು ಬೇಕು, ಒಲೆ ಹಚ್ಚಿದರೆ ಆ ಒಂದೇ ಕೋಣೆಯ ಮನೆ ಹೊಗೆಯಿಂದ ತುಂಬುತ್ತದೆ, ಕೂಸಿಗೆ ಆಗುವುದಿಲ್ಲ. ಅರ್ಥಿಂಗ್ ಇಲ್ಲದ ಮನೆಗಳಲ್ಲೂ ಎಂಬ ಮಾತನ್ನು ನಮ್ಮಕ್ಕನಂಥವರಿಗಾಗಿಯೇ ಬರೆದಿದ್ದಾರೆ ಎನ್ನಿಸಿತು. ನನ್ನ ಫಾರಮ್ಮಿನ ವಿಷಯ ನೆನಪಾಗಲಿಲ್ಲವೆಂದು ಹೇಳಲಾರೆ. ನೆನಪಾಯಿತು. ಉಳಿದ ಹದಿನಾಲ್ಕು ಮನೆಯವರು ನೋಡಿರುತ್ತಾರಲ್ಲ ಎಂದುಕೊಂಡೆ.

ಕೂಸು ಹುಟ್ಟಿದ ವಾರದಲ್ಲಿ ನಂಜನಗೂಡಿನ ಬಜಾರಿನಲ್ಲಿ ಅದೇ ಕಂಪನಿಯ ರಾಡನ್ನು ಹೆಸರು ಹೇಳಿ ಕೇಳಿ ತೆಗೆದುಕೊಂಡು, ದೇವನೂರಿನ ಬಸ್ಸು ಹತ್ತಿದೆ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಭಾವ ಸ್ವಲ್ಪ ಅನುಮಾನ ಪಟ್ಟರು. ನೀರು, ಕರೆಂಟು ಎರಡನ್ನೂ ಒಟ್ಟಿಗೆ ಸೇರಿಸುವುದು ಅವರಿಗೆ ಸರಿ ಕಾಣಲಿಲ್ಲ. ಅಕ್ಕ ಅವರ ಬಾಯಿ ಮುಚ್ಚಿಸಿದಳು.

“ಪುಸ್ತಕದೋರು ನೋಡವ್ರೆ ಕಣ್ರೀ. ಹದಿನೈದು ಮನೇಲಿ ಮಡಗಿ ನೋಡವ್ರಂತೆ. ನಮ್ ಮೇಡಮ್ಮು ಸುಮ್ನೆ ತಂದಾಳಾ?”

ಅವಳು ನನ್ನನ್ನು ಮೇಡಮ್ಮು ಎನ್ನುತ್ತಿದ್ದದ್ದು ತಮಾಷೆಗೆ, ಆದರೆ ಅದರಲ್ಲಿ ಹೆಮ್ಮೆಯೂ ಇತ್ತು. ಸ್ವಿಚ್ಚು ಹಾಕುವುದು, ಆರಿಸುವುದು, ಎಲ್ಲ ತೋರಿಸಿಕೊಟ್ಟು ಬಂದೆ.

ಅದಾದ ಇಪ್ಪತ್ತನಾಲ್ಕನೆಯ ದಿನ ಶಾಲೆಗೆ ಫೋನು ಬಂತು. ನಾನು ನಂಜನಗೂಡಿನ ಆಸ್ಪತ್ರೆ ಸೇರುವಷ್ಟರಲ್ಲಿ ಅಕ್ಕನನ್ನು ಮೈಸೂರಿಗೆ ಸಾಗಿಸಿದ್ದರು. ಅಂದು ಬೆಳಿಗ್ಗೆ ಅವಳು ತಗಡಿನ ಬಕೆಟ್ಟಿಗೆ ರಾಡು ಇಳಿಬಿಟ್ಟಿದ್ದಳು. ಸ್ವಿಚ್ಚು ಹಾಕಿಯೇ ಇತ್ತು. ಬಕೆಟ್ಟು ಗೋಡೆಗೆ ತೀರ ಹತ್ತಿರವಿದೆ ಎಂದು ಅದರ ಹಿಡಿಗೆ ಬಲಗೈ ಹಾಕಿ ಸ್ವಲ್ಪ ಈಚೆಗೆ ಎಳೆದಿದ್ದಾಳೆ. ಕೈ ಅಲ್ಲೇ ಹಿಡಿದುಕೊಂಡಿತು. ಕೂಗಲೂ ಆಗಲಿಲ್ಲವಂತೆ. ಮಗಳು ನೋಡಿ ಕಿರುಚಿದಾಗ ಭಾವ ಬಂದು ಒನಕೆಯಿಂದ ಪ್ಲಗ್ಗನ್ನು ಹೊಡೆದು ಬೀಳಿಸಿದ್ದರು. ಅಷ್ಟರಲ್ಲಿ ಅಂಗೈ ಸುಟ್ಟು ಕರಿಯಾಗಿತ್ತು.

ಅವಳು ಉಳಿದಳು. ಬಲಗೈಯ ಕೊನೆಯ ಎರಡು ಬೆರಳು ತೆಗೆದರು. ಉಳಿದ ಮೂರು ಅರ್ಧ ಮಡಚಿಕೊಂಡು ಹಾಗೆಯೇ ನಿಂತವು. ಗಾಯ ಮಾಗಿದ ಮೇಲೆ ಒಂದು ದಿನ ಅವಳು ನನ್ನ ಮುಂದೆಯೇ ನೆಲದ ಮೇಲಿದ್ದ ಹುಲ್ಲುಕಡ್ಡಿಯೊಂದನ್ನು ಎತ್ತಲು ನೋಡಿದಳು. ಅದು ಬೆರಳಿನ ಸಂದಿಯಿಂದ ಜಾರಿತು. ಮತ್ತೆ ನೋಡಿದಳು, ಮತ್ತೆ ಜಾರಿತು. ಎದ್ದು ಹೋದಳು. ಅವಳು ಇನ್ನು ನಾಟಿಗೆ ಹೋಗುವುದಿಲ್ಲವೆಂದು ನನಗೆ ಗೊತ್ತಾದದ್ದು ಆಗ.

ನನಗೆ ಸಿಟ್ಟು ಬಂದದ್ದು ಪತ್ರಿಕೆಯ ಮೇಲೆ. ಕಂಪನಿಯವರ ಹತ್ತಿರ ದುಡ್ಡು ತಿಂದು ಬರೆದಿರುತ್ತಾರೆ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ. ಹಾಗೆ ನಂಬುವುದರಲ್ಲಿ ಒಂದು ಸುಖವಿತ್ತು. ರಾಡನ್ನು ಚೀಲದಲ್ಲಿ ಹಾಕಿಕೊಂಡು ಮೊದಲು ನಂಜನಗೂಡಿನಲ್ಲಿ ಮೋಟರ್ ರಿಪೇರಿ ಮಾಡುವ ಒಬ್ಬರ ಹತ್ತಿರ ಹೋದೆ. ಅವರು ಅದನ್ನು ಗರಗಸದಿಂದ ಕೊಯ್ದು ಬಿಚ್ಚಿದರು. ಒಳಗಿನ ಬಿಳಿ ಪುಡಿ ಒದ್ದೆಯಾಗಿ ಗಟ್ಟಿಯಾಗಿತ್ತು. ಕೊಳವೆಯ ತಿರುವಿನಲ್ಲಿ ಸೂಜಿಮೊನೆಯಷ್ಟು ತೂತು.

“ಇದು ತಾಮ್ರ ಅಲ್ಲ ಮೇಡಂ, ತೆಳ್ಳನೆ ತಗಡಿಗೆ ಬಣ್ಣ ಕಟ್ಟವ್ರೆ. ಹೊಸದ್ರಲ್ಲಿ ಏನೂ ಗೊತ್ತಾಗಲ್ಲ. ದಿನಾ ಕಾದು ತಣ್ಣಗಾಗಿ, ಹದಿನೈದು ಇಪ್ಪತ್ತು ದಿವ್ಸಕ್ಕೆ ತಿರುವಿನ ತಾವು ಬಿರಿತದೆ. ಈ ಮಾಲೆಲ್ಲಾ ಇಂಗೇಯ.”

ಹದಿನೈದು ಇಪ್ಪತ್ತು ದಿವಸ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಹತ್ತೇ ದಿನಕ್ಕೆ ಅಳೆಯುವುದನ್ನು ನಿಲ್ಲಿಸಿದ್ದು ನೆನಪಾಯಿತು. ಆದರೂ ಮೈಸೂರಿಗೆ ಹೋದೆ. ಉಳಿದ ಹದಿನಾಲ್ಕು ಮನೆಗಳು ಇದ್ದವಲ್ಲ.

ಪತ್ರಿಕೆಯ ಕಚೇರಿ ಒಂದು ಹಳೆಯ ವಠಾರದ ಎರಡು ಕೋಣೆ. ಗೋಂದಿನ ವಾಸನೆ, ಕಟ್ಟು ಕಟ್ಟು ಹಳೆಯ ಸಂಚಿಕೆ, ಕಿಟಕಿಯ ಕೆಳಗೆ ತೂಕದ ಯಂತ್ರ. ಸಂಪಾದಕರು ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು, ಮಠದ ಆಸರೆಯಲ್ಲಿ ಓದಿ ಬಂದ ಮನೆತನದವರು. ಕಾಲರು ಹರಿದು ತಿರುಗಿಸಿ ಹೊಲಿಸಿದ ಅಂಗಿ. ಕಂಪನಿಯ ದುಡ್ಡು ತಿಂದವರು ಹಾಗೆ ಇರುವುದಿಲ್ಲ. ನಾನು ಬಂದ ಕಾರಣ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಕ್ಕನ ಕೈ ಈಗ ಹೇಗಿದೆ ಎಂದು ಮೊದಲು ಕೇಳಿದರು. ನಾನು ಬೈಯಲು ತಯಾರಾಗಿ ಬಂದಿದ್ದೆ. ಅವರು ತಾವೇ ಎದ್ದು ಫೈಲು ತೆಗೆದು ನನ್ನ ಮುಂದಿಟ್ಟರು.

ಫೈಲಿನಲ್ಲಿ ನಾಲ್ಕು ಮನೆಯ ಫಾರಮ್ಮು ಮಾತ್ರ ಇದ್ದವು.

ಹದಿನೈದು ಎಂದು ಬರೆದಿದ್ದೀರಲ್ಲ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಹದಿನೈದು ಮನೆಗೆ ಕೊಟ್ಟದ್ದು ನಿಜ, ಕೊಟ್ಟು ಎಂದಷ್ಟೇ ಬರೆದಿದ್ದೇವೆ, ವಾಪಸ್ಸು ಬಂದವು ಎಂದು ಬರೆದಿಲ್ಲ, ಆ ತಿಂಗಳು ಸಂಚಿಕೆ ಖಾಲಿ ಬಿಡುವ ಹಾಗಿರಲಿಲ್ಲ ಎಂದರು. ನಾಲ್ಕರಲ್ಲಿ ಎರಡು ಮನೆಯವರು ಒಂದು ವಾರಕ್ಕೇ ನಿಲ್ಲಿಸಿದ್ದರು, ನಿಲ್ಲಿಸಿದ್ದೇವೆಂದು ಬರೆದೂ ಇದ್ದರು. ಮೂರನೆಯದು ಮೈಸೂರಿನ ಹೊಸ ಬಡಾವಣೆಯ ಮನೆ, ಅಲ್ಲಿ ಅರ್ಥಿಂಗ್ ಇತ್ತು, ಕರೆಂಟು ಸೋರಿದರೂ ನೆಲಕ್ಕೆ ಹೋಗುತ್ತಿತ್ತು. ನಾಲ್ಕನೆಯದು ನನ್ನದು.

“ನಿಮ್ಮ ಫಾರಮ್ ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ಅದನ್ನೇ ಆಧಾರ ಮಾಡಿಕೊಂಡೆವು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಮೂವತ್ತು ದಿನ ನೋಡಿದ್ದು ನೀವೊಬ್ಬರೇ” ಎಂದರು ಅವರು.

ಮೊದಲ ಸ್ಥಾನದ ರಾಡಿಗೆ ಬಳಿದಿದ್ದ ಬಣ್ಣ ಯಾವುದು ಎಂದು ಕೇಳಿದೆ. ಕೆಂಪು ಎಂದರು. ಕೆಂಪು ರಾಡಿನ ಫಾರಮ್ಮು ನನ್ನ ಕೈಯಲ್ಲೇ ಇತ್ತು. ನೀಲಿ ಪೆನ್ನು, ಕಪ್ಪು ಪೆನ್ನು. ಅರ್ಧ ಡಿಗ್ರಿ ಮೇಲೆ, ಒಂದು ಡಿಗ್ರಿ ಕೆಳಗೆ. ನಾನು ನಂಬಿ ಅಕ್ಕನ ಮನೆಗೆ ಹೊತ್ತುಕೊಂಡು ಹೋದ ಆ ವಾಕ್ಯವನ್ನು ಬರೆದವಳು ನಾನೇ.

ಆಗ ಅವರು ಕೇಳಿದರು. ಅವರ ದನಿಯಲ್ಲಿ ಆರೋಪ ಇರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಆಸೆ ಇತ್ತು.

“ಮೂವತ್ತು ದಿನದಲ್ಲಿ ಒಂದು ಸಲವೂ ನಿಮ್ಮ ಟೆಸ್ಟರ್ ಉರಿಯಲಿಲ್ಲವೇ ಅಮ್ಮ? ಜ್ಞಾಪಿಸಿಕೊಂಡು ಹೇಳಿ.”

“ಇಲ್ಲ” ಎಂದೆ.

ಅಷ್ಟೇ ಹೇಳಿದ್ದು. ಹೇಳಿ ಮುಗಿದ ಮೇಲೆ, ಅದನ್ನು ತಿದ್ದಲು ನನಗೆ ಬೇಕಾದಷ್ಟು ಹೊತ್ತು ಇತ್ತು. ಅವರು ಕಾಫಿ ತರಿಸಿದರು, ಕುಡಿದೆ. ಬಸ್ ಸ್ಟ್ಯಾಂಡಿಗೆ ದಾರಿ ಹೇಳಿದರು, ಕೇಳಿಸಿಕೊಂಡೆ. ತಿದ್ದಲಿಲ್ಲ. ಶಾಲೆ, ಕೆಲಸ, ಐಎಸ್ಐ ಮೇಡಂ ಎಂಬ ಹೆಸರು, ನಮ್ಮ ಕೇರಿಯಿಂದ ಬಂದವಳೂ ಇಷ್ಟು ಕರಾರುವಾಕ್ಕಾಗಿ ಇರಬಲ್ಲಳು ಎಂದು ನಾನು ಎಲ್ಲರಿಗೂ ತೋರಿಸಿದ್ದೆನಲ್ಲ, ಅದೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮುಂದಿನ ಸಂಚಿಕೆಯಲ್ಲಿ ಒಂದು ಸಣ್ಣ ಚೌಕಟ್ಟಿನಲ್ಲಿ ಸುದ್ದಿ ಬಂತು. ಒಬ್ಬ ಮಹಿಳೆಗೆ ಇಂಥ ರಾಡಿನಿಂದ ಅಪಘಾತವಾಗಿದೆ. ನಮ್ಮ ಪರೀಕ್ಷೆಯಲ್ಲಿ ಮೂವತ್ತು ದಿನವೂ ದೋಷ ಕಂಡಿಲ್ಲವಾದ್ದರಿಂದ ಇದು ಆ ಒಂದು ರಾಡಿನ ದೋಷ ಅಥವಾ ಬಳಸಿದವರ ಅಜಾಗರೂಕತೆ ಇರಬಹುದು. ಓದುಗರು ಸ್ವಿಚ್ ಆರಿಸದೆ ಬಕೆಟ್ ಮುಟ್ಟಬಾರದು. ಅಷ್ಟೇ. ಕಂಪನಿಗೆ ನಾನು ಬರೆದ ಕಾಗದಕ್ಕೂ ಉತ್ತರ ಬಂತು. ಪತ್ರಿಕೆಯ ಪಟ್ಟಿಯ ಜೆರಾಕ್ಸ್ ಲಗತ್ತಿಸಿ, ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲೂ ಸುರಕ್ಷಿತ ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದರು. ನಂಜನಗೂಡಿನ ಒಬ್ಬ ವಕೀಲರು ಅದನ್ನು ನೋಡಿ, ಇದು ಇರುವವರೆಗೆ ಕೇಸು ನಿಲ್ಲುವುದಿಲ್ಲ, ಈ ಪರೀಕ್ಷೆಯನ್ನು ಸುಳ್ಳು ಎಂದು ಸಾಬೀತು ಮಾಡುವವರು ಯಾರಾದರೂ ಸಿಕ್ಕರೆ ಬನ್ನಿ ಎಂದರು. ನಾನು ನಮಸ್ಕಾರ ಹೇಳಿ ಎದ್ದು ಬಂದೆ.

ಆ ಚೌಕಟ್ಟಿನ ಸುದ್ದಿ ಹೇಗೋ ಅಕ್ಕನ ಮನೆ ತಲುಪಿತು. ಅವಳ ಮಗಳೇ ಅದನ್ನು ಎಲ್ಲರಿಗೂ ಓದಿ ಹೇಳಿದಳಂತೆ. ಭಾವನಿಗೆ ಅದು ಸಿಕ್ಕಿದ್ದೇ ಸಾಕಾಯಿತು. ಅಕ್ಕ ನಾಟಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವರ ಸಿಡಿಮಿಡಿ ಹೆಚ್ಚಿತ್ತು. ಪುಸ್ತಕದೋರೇ ಬರೆದಿದ್ದಾರೆ, ಸ್ವಿಚ್ಚು ಆರಿಸದೆ ಕೈ ಹಾಕಿದ್ದು ನಿನ್ನದೇ ತಪ್ಪು ಎಂದು ಮಾತಿಗೊಮ್ಮೆ ಹೇಳತೊಡಗಿದರು. ಕ್ರಮೇಣ ಮನೆಯವರೆಲ್ಲ ಅದನ್ನೇ ಹೇಳಿದರು. ಆಮೇಲೆ ಅಕ್ಕನೂ ಅದನ್ನೇ ಹೇಳಿದಳು. ಯಾರಾದರೂ ಕೈಗೆ ಏನಾಯಿತು ಎಂದು ಕೇಳಿದರೆ, ನನ್ನದೇ ಗ್ಯಾನ ಇರ್ನಿಲ್ಲ ಕಣವ್ವ ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ.

ಹೀಗೆ ಒಂಬತ್ತು ವರ್ಷ.

ಅಷ್ಟರಲ್ಲಿ ಆ ಸಂಪಾದಕರು ತೀರಿಕೊಂಡರು, ಪತ್ರಿಕೆಯೂ ನಿಂತಿತು. ಬಣ್ಣಬಣ್ಣದ ಹೊಸ ಪತ್ರಿಕೆಗಳು ಬಂದವು, ಫ್ರಿಜ್ಜಿಗೆ ನಾಲ್ಕು ನಕ್ಷತ್ರ, ಮೊಬೈಲಿಗೆ ಮೂರೂವರೆ, ಹಿಂದಿನ ಪುಟದಲ್ಲಿ ಅದೇ ಫ್ರಿಜ್ಜಿನ ಜಾಹೀರಾತು. ಸ್ಟಾಫ್ ರೂಮಿನಲ್ಲಿ ಇವನ್ನೆಲ್ಲ ನಂಬಬಹುದೇ ಎಂಬ ಚರ್ಚೆ ಆಗಾಗ ಬರುತ್ತಿತ್ತು. ಎಲ್ಲ ಕಂಪನಿಯವರು ದುಡ್ಡು ಕೊಟ್ಟು ಬರೆಸುವುದು, ಮೊದಲಿನ ಜಾಹೀರಾತಿಲ್ಲದ ಪತ್ರಿಕೆಗಳೇ ಸತ್ಯವಂತರು ಎಂದು ಡ್ರಿಲ್ ಮಾಸ್ತರರು ಹೇಳುತ್ತಿದ್ದರು. ನಾನು ಕಾಪಿ ತಿದ್ದುತ್ತಾ ತಲೆ ಎತ್ತುತ್ತಿರಲಿಲ್ಲ. ಒಂದು ಪೈಸೆ ಲಂಚವಿಲ್ಲದೆ, ಯಾರಿಗೂ ಕೆಟ್ಟದ್ದು ಬಯಸದೆ, ಬರೀ ಕಾಲು ನೋಯುತ್ತಿದೆ ಎಂಬ ಕಾರಣಕ್ಕೆ ಸುಳ್ಳು ಅಚ್ಚಾಗುವುದುಂಟು ಎಂದು ಅವರಿಗೆ ಹೇಗೆ ಹೇಳುವುದು? ಅಂಕದ ಪಟ್ಟಿ ನೋಡಿದರೆ ನನಗೆ ಕಂಪನಿ ಕಾಣುವುದಿಲ್ಲ. ಮಧ್ಯಾಹ್ನದ ಹೊತ್ತು ಎರಡು ಪೆನ್ನು ಹಿಡಿದು ಕೂತ ಯಾರೋ ಒಬ್ಬರು ಕಾಣುತ್ತಾರೆ.

ಹೇಳಿಕೊಂಡದ್ದು ಕೊನೆಗೆ ಅಕ್ಕನ ಹತ್ತಿರ. ಧೈರ್ಯ ಬಂದು ಹೇಳಿದ್ದಲ್ಲ. ಅವರೆಕಾಯಿಯ ಕಾಲ, ನಾನು ರಜೆಗೆ ದೇವನೂರಿಗೆ ಹೋಗಿದ್ದೆ. ಮನೆಗೆ ಮಿಕ್ಸಿ ತರುವ ಮಾತು ನಡೆಯುತ್ತಿತ್ತು. ಅಕ್ಕ ಜಗಲಿಯ ಮೇಲೆ ಕೂತು, ಎಡಗೈಯಲ್ಲಿ ಕಾಯಿ ಹಿಡಿದು, ಬಲಗೈಯ ಮಡಚಿದ ಬೆರಳ ಸಂದಿಗೆ ಸಿಕ್ಕಿಸಿ ಸುಲಿಯುತ್ತಿದ್ದಳು. ತವರಿಗೆ ಬಂದಿದ್ದ ಮಗಳು ಒಳಗಿನಿಂದ, ಮಿಕ್ಸಿ ತಂದ ಮೇಲೆ ಅವ್ವ ಮಾತ್ರ ಅದನ್ನು ಮುಟ್ಟಕೂಡದು, ಒಂದು ಸಲ ಮಾಡಿಕೊಂಡದ್ದು ಸಾಲದಾ ಎಂದಳು. ಅವಳ ಒಂಬತ್ತು ವರ್ಷದ ಮಗಳು ನಕ್ಕಳು. ಅಕ್ಕನೂ ನಕ್ಕಳು. ಆ ನಗು ನನ್ನಿಂದ ನೋಡಲಾಗಲಿಲ್ಲ.

ಎಲ್ಲ ಹೇಳಿದೆ. ಕೆಂಪು ಬಣ್ಣದ ರಾಡು, ಹತ್ತು ದಿನ, ಉಳಿದ ಇಪ್ಪತ್ತು ದಿನ, ಮೈಸೂರಿನಲ್ಲಿ ಇಲ್ಲ ಎಂದದ್ದು. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅರ್ಥವಾಯಿತೋ ಇಲ್ಲವೋ ಎಂದು ನನಗೆ ಅನುಮಾನ ಬಂತು. ಮೊರದಲ್ಲಿದ್ದ ಕಾಯಿ ಅಷ್ಟೂ ಮುಗಿದ ಮೇಲೆ ಕೇಳಿದಳು.

“ಅಂಗಾರೆ ಅದು ನನ್ ತಪ್ಪಲ್ಲ ಅಂತ ನಿಂಗೆ ಆವತ್ತಿಂದ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಇಪ್ಪತ್ತು ದಿವ್ಸ ನೀರಿಗೆ ಅದ್ದೋದು ಒಂದು ಕೆಲ್ಸನೇನವ್ವ? ನಂಗೆ ಯೋಳಿದ್ರೆ ನಾನೇ ಬಂದು ಅದ್ದಿ ಕೊಡ್ತಿರ್ನಿಲ್ವಾ?”

ಅವಳು ನಿಜವಾಗಿಯೂ ಬರುತ್ತಿದ್ದಳು. ನಾಟಿ ಬಿಟ್ಟು, ಎರಡು ಬಸ್ಸು ಹತ್ತಿ ನರಸೀಪುರಕ್ಕೆ ಬಂದು, ಏನು ಎತ್ತ ಎಂದು ಕೇಳದೆ, ನನ್ನ ಬಚ್ಚಲಲ್ಲಿ ಕೂತು ಇಪ್ಪತ್ತು ದಿನ ಮೂರು ಬಕೆಟ್ಟು ನೀರು ಕಾಯಿಸುತ್ತಿದ್ದಳು. ನಾನು ಕಾಲೇಜಿಗೆ ಹೋಗುವಾಗ ಅವಳು ಮಾಡಿದ್ದು ಬೇರೇನು?

ಆಮೇಲೆ ಅವಳು ಮಗಳನ್ನು ಕರೆದಳು, ಹೊಲದ ಕಡೆ ಹೋಗಿದ್ದ ಭಾವನನ್ನೂ ಕರೆಸಿದಳು. ಎಲ್ಲರೂ ಬಂದು ನಿಂತ ಮೇಲೆ ನನ್ನ ಕಡೆ ತಿರುಗಿ, ನನಗೆ ಹೇಳಿದ್ದನ್ನ ಇವರಿಗೂ ಹೇಳು ಎಂದಳು. ನಾನು ಇನ್ನೊಂದು ಸಲ ಮೊದಲಿನಿಂದ ಹೇಳಿದೆ. ಈ ಸಲ ನಿಂತುಕೊಂಡು. ಭಾವ ಟವೆಲಿನಿಂದ ಮುಖ ಒರೆಸಿಕೊಂಡರು. ಮಗಳು ತನ್ನ ಹುಡುಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಆ ಕೂಸಿನ ಬಾಣಂತನಕ್ಕೇ ನಾನು ರಾಡು ತಂದದ್ದು.

ಅಕ್ಕ ನನ್ನ ಮೇಲೆ ಕೂಗಾಡಲಿಲ್ಲ. ಅಂದು ಅವರೆಕಾಳಿನ ಸಾರು ಮಾಡಿ, ಎಂದಿನ ಹಾಗೆ ತಟ್ಟೆಗೆ ಮುದ್ದೆ ಇಟ್ಟು ಬಡಿಸಿದಳು. ಬಸ್ಸಿನವರೆಗೆ ಮಾತ್ರ ಬರಲಿಲ್ಲ. ಅದಕ್ಕೆ ಮುಂಚೆ ಬರದೇ ಇದ್ದ ದಿನವೇ ಇರಲಿಲ್ಲ.

ಈಗಲೂ ಹಬ್ಬಕ್ಕೆ ಹೋಗುತ್ತೇನೆ, ಬಾ ಎನ್ನುತ್ತಾಳೆ, ಕೂರು ಎನ್ನುತ್ತಾಳೆ. ಮೇಡಮ್ಮು ಎಂದು ಕರೆಯುವುದಿಲ್ಲ. ಆ ಮಿಕ್ಸಿಯನ್ನು ಅವಳು ಯಾರನ್ನೋ ಕೇಳಿ ತೆಗೆದುಕೊಂಡಳು, ಯಾವ ಕಂಪನಿಯದೆಂದು ನನಗೆ ತೋರಿಸಲಿಲ್ಲ. ಮೊನ್ನೆ ಹೋದಾಗ ಒಂದು ಹೊಸ ಕುಕ್ಕರ್ ಬಂದಿತ್ತು. ಚೆನ್ನಾಗಿದೆಯಾ ಎಂದು ಕೇಳಿದೆ. ಅವಳು ಅದರ ಮುಚ್ಚಳ ಒರೆಸುತ್ತಾ, ಬೇಯಿಸ್ತದೆ ಎಂದಷ್ಟೇ ಹೇಳಿ ಒಳಗೆ ಇಟ್ಟಳು.